ಋಣಮುಕ್ತಿಯ ಅನಂತರ

'ದಿವಾಳಿ' ಎಂಬ ಮಾತನ್ನು ನಾವು ಬೈಗುಳದಂತೆ ಬಳಸುತ್ತೇವೆ. ಕೈಸೋತ ವರ್ತಕನು ಹಾಡಹಗಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನೆಂದೂ ಮಾತು ಹುಟ್ಟಿದ್ದು ಅದರಿಂದಲೇ ಎಂದೂ ಹೇಳುವುದುಂಟು. ವ್ಯುತ್ಪತ್ತಿ ಹೇಗಾದರೂ ಇರಲಿ, ಅವಮಾನ ಮಾತ್ರ ಆ ಮಾತಿಗೆ ಅಂಟಿಕೊಂಡೇ ಬಂದಿದೆ. ನ್ಯಾಯಾಲಯದಲ್ಲಿ ದಿವಾಳಿತನಕ್ಕೆ ಒಂದು ಕೊನೆಯೂ ಉಂಟೆಂಬುದು ಹಲವರಿಗೆ ತಿಳಿಯದು.

ಗೋವೆಯ ಗಡಿಗೆ ತಾಗಿದ ನಮ್ಮ ಅನಮೋಡದಲ್ಲಿ ಅಂಗಡಿಕಾರನೊಬ್ಬ ಸಾಲದಲ್ಲಿ ಮುಳುಗಿದನೆನ್ನಿ. ಆತನಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮವೇ. 2016ರ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಯಾಗಿದೆ. ಮೂಲ ಅಧಿಕಾರ ಜಿಲ್ಲಾ ನ್ಯಾಯಾಲಯದ್ದು. ನಮಗೆ ಅದು ಕಾರವಾರದಲ್ಲಿದೆ. ದಿವಾಳಿಯೆಂದು ಘೋಷಣೆಯಾದೊಡನೆ ಸಾಲ ಹರಿಯುವುದಿಲ್ಲ. ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗಾಗಿ ಬೇರೆ ಅರ್ಜಿ ಕೊಡಬೇಕು. ಕೊಡದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಬಿಡುಗಡೆಯ ಆಜ್ಞೆ ದೊರೆತಾಗಲೇ ಋಣಮುಕ್ತಿ.

ಆಮೇಲೂ ವಸೂಲಿಯವನು ಬರುವುದುಂಟು. ಆತನ ಕೈಯಲ್ಲಿರುವುದು ಹಳೆಯ ಪಟ್ಟಿ. ಆಜ್ಞೆಯ ದೃಢೀಕೃತ ಪ್ರತಿಯನ್ನು ತೋರಿಸಿ, ಹೇಳುವುದನ್ನು ಬರವಣಿಗೆಯಲ್ಲಿ ಕೊಡೆನ್ನಬೇಕು. "ಅಷ್ಟಿಷ್ಟು ಕೊಟ್ಟು ಮುಗಿಸಿಬಿಡಿ" ಎಂದು ಚಾಚುವ ಹೊಸ ಕಾಗದಕ್ಕೆ ರುಜು ಹಾಕಲೇಬಾರದು. ದಾವೆಯ ಸಮನ್ಸು ಬಂದರೆ ಮಾತ್ರ ಸುಮ್ಮನಿರುವಂತಿಲ್ಲ. ಹಾಜರಾಗಿ ಆಜ್ಞೆಯನ್ನು ಮುಂದಿಡದಿದ್ದರೆ ಏಕಪಕ್ಷೀಯ ಡಿಕ್ರಿಯಾದೀತು. ಬ್ಯಾಂಕಿನ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿದೆ. ಬೆದರಿಕೆಯೊಡ್ಡಿದರೆ ಪೊಲೀಸ್ ಠಾಣೆಗೆ ಹೋಗಬಹುದು.

ನಾನು ಕನ್ನಡ ಪಾಠ ಹೇಳಿದವನು, ವಕೀಲನಲ್ಲ. ಆದರೂ ಪದಪದವನ್ನೂ ನಿಲ್ಲಿಸಿ ಓದುವ ಅಭ್ಯಾಸ ಬಿಟ್ಟಿಲ್ಲ. ಹಾಗೆ ಓದುವಾಗ ನನ್ನನ್ನು ತಡೆದದ್ದು 44ನೆಯ ಕಲಂ. ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿಮಕ್ಕಳ ಜೀವನಾಂಶ, ಇವು ಬಿಡುಗಡೆಯಾದ ಮೇಲೂ ಉಳಿಯುತ್ತವೆ. ಇದು ನ್ಯಾಯವೇ. ಆದರೆ ಅದೇ ಕಲಂ, ಜಾಮೀನು ನಿಂತವನಿಗೂ ಬಿಡುಗಡೆಯಿಲ್ಲವೆನ್ನುತ್ತದೆ. ನಮ್ಮ ಹಳ್ಳಿಗಳಲ್ಲಿ ಜಾಮೀನು ನಿಲ್ಲುವವನು ಭಾವಮೈದುನ, ನೆರೆಮನೆಯ ಗೆಳೆಯ. ಅಂಗಡಿಯ ಲಾಭದಲ್ಲಿ ಒಂದು ಕಾಸನ್ನೂ ಕಾಣದವನು. ವಸೂಲಿಯವನು ಅಂಗಡಿಕಾರನ ಬಾಗಿಲಿಂದ ಹಿಂತಿರುಗಿ ನೇರ ತಟ್ಟುವುದು ಅವನ ಬಾಗಿಲನ್ನೇ. ತೀರಿಸಿದ ಹಣವನ್ನು ನಂಟನಿಂದ ಮರಳಿ ಕೇಳುವ ದಾರಿಯೂ ಅಷ್ಟರಲ್ಲಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಆದ್ದರಿಂದ ಜಾಮೀನುದಾರನು ಬಿಡುಗಡೆಯ ಆಜ್ಞೆಗೆ ಕಾಯದೆ, ಪ್ರಕರಣ ನಡೆಯುತ್ತಿರುವಾಗಲೇ ವಕೀಲರನ್ನು ಕಂಡು, ತನ್ನ ಹಕ್ಕನ್ನು ನ್ಯಾಯಾಲಯದಲ್ಲಿ ದಾಖಲಿಸಬೇಕು. ಆ ವಿಷಯವನ್ನು ಅವನಿಗೆ ಮೊದಲು ತಿಳಿಸಬೇಕಾದವನು ಸಾಲಮಾಡಿದ ನಂಟನೇ.