ಟ್ರ್ಯಾಕ್ಟರ್ ಲೋಡರ್ ಬಳಸಿ ಹುಲ್ಲಿನ ದುಂಡು ಪೆಂಡಿಗಳ ಸುರಕ್ಷಿತ ಸಾಗಣೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಹೊಂದಿರುವ ಗಂಗಾವತಿ ಭಾಗದಲ್ಲಿ ಭತ್ತವನ್ನು ಯಂತ್ರದಿಂದ ಕಟಾವು ಮಾಡಿದ ನಂತರ, ಗದ್ದೆಯಲ್ಲಿ ಉಳಿಯುವ ಹುಲ್ಲನ್ನು ಬೇಲರ್ ಸಹಾಯದಿಂದ ದುಂಡು ಪೆಂಡಿಗಳಾಗಿ ಕಟ್ಟಬಹುದು. ಮಳೆಯಾಶ್ರಿತ ಬೇಸಾಯವೇ ಪ್ರಧಾನವಾಗಿರುವ ಕುಷ್ಟಗಿ, ಯಲಬುರ್ಗಾ ಹಾಗೂ ಕೊಪ್ಪಳ ತಾಲ್ಲೂಕುಗಳ ಜಾನುವಾರುಗಳಿಗೆ ಬೇಸಿಗೆಯಲ್ಲಿ ಈ ಹುಲ್ಲು ಆಸರೆಯಾಗುತ್ತದೆ. ಇವುಗಳನ್ನು ಲೋಡರ್‌ನಿಂದ ಎತ್ತಿ ಸಾಗಿಸುವಾಗ ಪಾಲಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಅಪಾಯಕ್ಕೆ ಕಾರಣ

25 ಕಿ.ಗ್ರಾಂ ತೂಗುವ ಒಂದು ಪೆಂಡಿ ಹಗುರವೆನಿಸಬಹುದು. ಆದರೆ ಎಂಟು ಪೆಂಡಿಗಳನ್ನು ಒಮ್ಮೆಲೇ ಎತ್ತಿದಾಗ ಹೊರೆ 200 ಕಿ.ಗ್ರಾಂ ಆಗುತ್ತದೆ, ಹುಲ್ಲು ನೆನೆದಿದ್ದರೆ ಇನ್ನೂ ಹೆಚ್ಚು. ಮುಂಭಾಗದ ಹೊರೆಯಿಂದ ಭಾರವು ಮುಂದಿನ ಅಚ್ಚಿನ ಮೇಲೆ ಬಿದ್ದು ಹಿಂದಿನ ಚಕ್ರಗಳು ಹಗುರವಾಗುತ್ತವೆ. ನಮ್ಮಲ್ಲಿನ ಬಹುತೇಕ ಟ್ರ್ಯಾಕ್ಟರ್‌ಗಳ ಬ್ರೇಕ್ ಕೆಲಸ ಮಾಡುವುದು ಹಿಂದಿನ ಚಕ್ರಗಳ ಮೇಲೆಯೇ. ಆದ್ದರಿಂದ ಹೊರೆ ಹೆಚ್ಚಿದಂತೆ ಬ್ರೇಕಿನ ಹಿಡಿತ ತಗ್ಗುತ್ತದೆ. ಹೊರೆಯನ್ನು ಮೇಲಕ್ಕೆ ಎತ್ತಿದಷ್ಟೂ ಟ್ರ್ಯಾಕ್ಟರ್ ಪಕ್ಕಕ್ಕೆ ಮಗುಚುವ ಸಂಭವವೂ ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮಗಳು

• ತಯಾರಕರು ಸೂಚಿಸಿದ ಮಿತಿಯೊಳಗೇ ಹೊರೆ ಎತ್ತಬೇಕು. ಅವರ ಸೂಚನೆಯಂತೆ ಹಿಂಭಾಗಕ್ಕೆ ಸಮತೋಲನದ ತೂಕ ಅಳವಡಿಸಬೇಕು.
• ಬರೀ ಬಕೆಟ್ಟಿನಲ್ಲಿ ಪೆಂಡಿ ಎತ್ತಬಾರದು. ಎತ್ತರಕ್ಕೆ ಹೋದಾಗ ಅದು ತೋಳುಗಳ ಮೇಲಿಂದ ಉರುಳಿ ಚಾಲಕನ ಮೇಲೆ ಬೀಳಬಹುದು. ಪೆಂಡಿಯನ್ನು ಹಿಡಿದಿಡುವ ಇಕ್ಕಳ ಅಥವಾ ದೊಡ್ಡ ಪೆಂಡಿಗೆ ಚುಚ್ಚುವ ಸಲಾಕೆ ಬಳಸಬೇಕು.
• ಚಲಿಸುವಾಗ ಹೊರೆ ನೆಲದಿಂದ ಒಂದು–ಒಂದೂವರೆ ಅಡಿಗಿಂತ ಮೇಲಿರಬಾರದು. ಟ್ರ್ಯಾಲಿಯ ಬಳಿ ನಿಂತ ಮೇಲಷ್ಟೇ ಎತ್ತಬೇಕು.
• ಎರಡೂ ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ, ನಿಧಾನವಾಗಿ ಚಲಿಸಬೇಕು. ಬದು, ಕಾಲುವೆಯ ಅಂಚು ಹಾಗೂ ಎರೆಭೂಮಿಯ ಬಿರುಕುಗಳಿರುವಲ್ಲಿ ಹಠಾತ್ತನೆ ತಿರುಗಿಸಬಾರದು.
• ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಕಡೆಗಿರಲಿ: ಮುಂದಕ್ಕೆ ಹತ್ತಬೇಕು, ಹಿಮ್ಮುಖವಾಗಿ ಇಳಿಯಬೇಕು. ಪೆಂಡಿಯನ್ನು ಕೆಳಗಿಳಿಸುವಾಗ ಅದರ ಚಪ್ಪಟೆ ಬದಿ ಇಳಿಜಾರಿನತ್ತ ಇರುವಂತೆ ಇಟ್ಟರೆ ಉರುಳುವುದಿಲ್ಲ.
• ಎತ್ತಿದ ತೋಳುಗಳ ಕೆಳಗೆ ಯಾರೂ ನಿಲ್ಲಬಾರದು. ಟ್ರ್ಯಾಲಿಯ ಹೊರೆಯನ್ನು ಹಗ್ಗದಿಂದ ಬಿಗಿಯಬೇಕು. ಅದರ ಮೇಲೆ ಯಾರನ್ನೂ ಕೂರಿಸಬಾರದು.

ವಿದ್ಯುತ್ ತಂತಿಗಳ ಬಗ್ಗೆ ಎಚ್ಚರ

ತಂತಿಗಳ ಕೆಳಗೆ ಪೆಂಡಿ ಎತ್ತುವುದಾಗಲಿ, ಬಣವೆ ಒಟ್ಟುವುದಾಗಲಿ ಸಲ್ಲದು. ತಂತಿ ಜೋತುಬಿದ್ದಿದ್ದರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಲೋಡರ್ ತಂತಿಗೆ ತಗುಲಿದರೆ, ವಿದ್ಯುತ್ ಕಡಿತಗೊಂಡಿದೆ ಎಂದು ಖಚಿತವಾಗುವವರೆಗೆ ಚಾಲಕನು ಆಸನದಲ್ಲೇ ಇರಬೇಕು ಮತ್ತು ಇತರರು ಹತ್ತಿರ ಬಾರದಂತೆ ಕೂಗಿ ಎಚ್ಚರಿಸಬೇಕು. ಬೆಂಕಿ ಹೊತ್ತಿಕೊಂಡರೆ ಮಾತ್ರ, ಟ್ರ್ಯಾಕ್ಟರನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಹೊರಗೆ ಜಿಗಿದು, ಕಾಲು ಬಿಡಿಸದೆ ಕುಪ್ಪಳಿಸುತ್ತಾ ದೂರ ಸಾಗಬೇಕು.

ಕೆಲಸ ಮುಗಿದ ಕೂಡಲೇ ತೋಳುಗಳನ್ನು ನೆಲಕ್ಕಿಳಿಸಿ, ಕೈಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ, ಕೀಲಿ ತೆಗೆದುಕೊಂಡ ನಂತರವೇ ಆಸನದಿಂದ ಇಳಿಯಬೇಕು. ಬಾಡಿಗೆ ಲೋಡರ್ ಬಳಸುವಾಗಲೂ ರೈತ ಬಾಂಧವರು ಚಾಲಕನಿಗೆ ಹೊಲದ ಬದು, ತಗ್ಗು ಮತ್ತು ತಂತಿ ಹಾದುಹೋಗುವ ಜಾಗಗಳನ್ನು ಮೊದಲೇ ತೋರಿಸತಕ್ಕದ್ದು.