ಕರುಳಿನ ಕ್ಯಾನ್ಸರ್ ಹಿಡಿದುಕೊಡುವ ಮೀಥೈಲ್ ಗುರುತು

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ, ಎದೆಯುರಿ ಹೆಚ್ಚಾದರೆ ಪಿತ್ತ, ರೊಟ್ಟಿ ಗಂಟಲಿಗೆ ಸಿಕ್ಕಿಕೊಂಡರೆ ವಯಸ್ಸಿನ ದೋಷ. ಹೀಗೆ ನಾವೇ ಕಾರಣ ಹೇಳಿಕೊಂಡು ತಿಂಗಳುಗಟ್ಟಲೆ ದಿನ ದೂಡುತ್ತೇವೆ. ಬಹಳ ಸಲ ಆ ಊಹೆ ನಿಜವೇ. ಆದರೆ ದೊಡ್ಡಕರುಳು, ಜಠರ, ಅನ್ನನಾಳದ ಕ್ಯಾನ್ಸರ್‌ಗಳೂ ಇದೇ ಲಕ್ಷಣಗಳನ್ನು ತೋರುತ್ತವೆ. 2022ರಲ್ಲಿ ಜಗತ್ತಿನ ಸುಮಾರು 19 ಲಕ್ಷ ಜನರಲ್ಲಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಅದೇ ವರ್ಷ ಸುಮಾರು 9 ಲಕ್ಷ ಜನ ಅದಕ್ಕೆ ಬಲಿಯಾದರು. ಬೇಗ ತಿಳಿದರೆ ಬಹುಪಾಲು ಗುಣವಾಗುವ ರೋಗವಿದು.

ಬೇಗ ತಿಳಿಯುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಡಿಎನ್‌ಎ ಮೇಲೆ ಕೂರುವ ಒಂದು ಪುಟ್ಟ ರಾಸಾಯನಿಕ ಗುಂಪಿನಲ್ಲಿದೆ. ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಈ ಗುಂಪಿಗೆ ಮೀಥೈಲ್ ಎಂದು ಹೆಸರು. ಡಿಎನ್‌ಎಯ ಸೈಟೊಸಿನ್ ಎಂಬ ಘಟಕಕ್ಕೆ ಅದು ಅಂಟಿಕೊಳ್ಳುವುದೇ ಮೀಥೈಲೀಕರಣ. ವಂಶವಾಹಿಯ ಬರಹ ಇದರಿಂದ ಬದಲಾಗುವುದಿಲ್ಲ. ಅದರ ಕೆಲಸ ಮಾತ್ರ ನಿಲ್ಲಬಹುದು. ತುಬಚಿ–ಬಬಲೇಶ್ವರ ಕಾಲುವೆ ತುಂಬಿ ಹರಿಯುತ್ತಿದ್ದರೂ ಗೇಟು ಮುಚ್ಚಿದ್ದರೆ ಹೊಲಕ್ಕೆ ನೀರು ಬಾರದಲ್ಲ, ಹಾಗೆ.

ಆರೋಗ್ಯವಂತ ಕೋಶದಲ್ಲಿ ಇದು ಅಗತ್ಯವಾದ ನಿಯಂತ್ರಣ. ಕ್ಯಾನ್ಸರ್‌ನಲ್ಲಿ ಅದು ಹದ ತಪ್ಪುತ್ತದೆ. ಕರುಳಿನ ಗಡ್ಡೆಗಳ ಕೆಲವು ವಂಶವಾಹಿಗಳಲ್ಲಿ ಮೀಥೈಲ್ ಕಡಿಮೆಯಾಗಿರುವುದನ್ನು ವಿಜ್ಞಾನಿಗಳಾದ ಫೈನ್‌ಬರ್ಗ್ ಮತ್ತು ವೋಗಲ್‌ಸ್ಟೈನ್ 1983ರಲ್ಲೇ ತೋರಿಸಿದ್ದರು. ಗಡ್ಡೆ ಬೆಳೆಯದಂತೆ ಕಾಯುವ ವಂಶವಾಹಿಗಳ ಆರಂಭದ ಭಾಗದಲ್ಲಿ ಮಾತ್ರ ಅದು ವಿಪರೀತ ಸೇರಿರುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಡಿಎನ್‌ಎ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1 ವಂಶವಾಹಿ ಹೀಗೆ ಮುಚ್ಚಿಹೋದರೆ ತಪ್ಪುಗಳು ಗುಡ್ಡೆಬೀಳುತ್ತವೆ.

ಪತ್ತೆದಾರಿಕೆಗೆ ಈ ಗುರುತು ಒಪ್ಪುವುದಕ್ಕೆ ಗಟ್ಟಿ ಕಾರಣಗಳಿವೆ. ವಂಶವಾಹಿಯ ಬರಹದೋಷಗಳು ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ಕಡೆ ಇರುತ್ತವೆ. ಮೀಥೈಲ್ ಮಾತ್ರ ಹಲವರಲ್ಲಿ ಒಂದೇ ಜಾಗದಲ್ಲಿ ಸಿಗುತ್ತದೆ. ಕರುಳಿನ ಒಳಗೋಡೆಯಲ್ಲಿ ಏಳುವ ಪಾಲಿಪ್ ಇನ್ನೂ ಕ್ಯಾನ್ಸರ್ ಆಗುವ ಮೊದಲೇ ಅದು ಕಾಣಿಸಿಕೊಳ್ಳಬಹುದು. ಗಡ್ಡೆಯಿಂದ ಉದುರಿದ ಕೋಶಗಳು ಮಲದಲ್ಲಿ, ಡಿಎನ್‌ಎ ಚೂರುಗಳು ರಕ್ತದಲ್ಲಿ ಸಿಗುತ್ತವೆ. 1992ರಲ್ಲಿ ಬಳಕೆಗೆ ಬಂದ ಬೈಸಲ್ಫೈಟ್ ವಿಧಾನದಲ್ಲಿ ಮೀಥೈಲ್ ಇಲ್ಲದ ಸೈಟೊಸಿನ್ ರೂಪ ಬದಲಿಸುತ್ತದೆ, ಇದ್ದದ್ದು ಹಾಗೆಯೇ ಉಳಿಯುತ್ತದೆ. ಆ ವ್ಯತ್ಯಾಸವನ್ನು ಪಿಸಿಆರ್ ಯಂತ್ರ ಓದುತ್ತದೆ.

ಅಮೆರಿಕ 2014ರಲ್ಲಿ ಒಪ್ಪಿದ ಕೊಲೊಗಾರ್ಡ್ ಎಂಬ ಮಲಪರೀಕ್ಷೆ ಎನ್‌ಡಿಆರ್‌ಜಿ4, ಬಿಎಂಪಿ3 ವಂಶವಾಹಿಗಳ ಮೀಥೈಲ್ ಜೊತೆಗೆ ಇನ್ನೂ ಕೆಲವು ಗುರುತುಗಳನ್ನು ನೋಡುತ್ತದೆ. ಸುಮಾರು 10,000 ಜನರ ಅಧ್ಯಯನದಲ್ಲಿ ಅದು ನೂರಕ್ಕೆ 92 ಕ್ಯಾನ್ಸರ್‌ಗಳನ್ನು ಹಿಡಿಯಿತು. ಮಲದ ರಕ್ತವನ್ನಷ್ಟೇ ನೋಡುವ ಪರೀಕ್ಷೆ ಹಿಡಿದದ್ದು 74. ಆದರೆ ರೋಗವಿಲ್ಲದ ನೂರು ಜನರಲ್ಲಿ ಸುಮಾರು 13 ಮಂದಿಗೆ ಅದು ಸುಳ್ಳು ಎಚ್ಚರಿಕೆ ಕೊಟ್ಟಿತು. ಸೆಪ್ಟ್9 ವಂಶವಾಹಿ ನೋಡುವ ರಕ್ತಪರೀಕ್ಷೆ 2016ರಲ್ಲಿ ಒಪ್ಪಿಗೆ ಪಡೆಯಿತು. ಯಾವುದರಲ್ಲೇ ಸಂಶಯ ಬಂದರೂ, ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿಯೇ ಕೊನೆಯ ತೀರ್ಪು.

ಇಂಥ ಮಲ, ರಕ್ತ ಪರೀಕ್ಷೆಗಳ ಬೆಲೆ ವಿಜಯಪುರ ಜಿಲ್ಲೆಯ ಅರಕೇರಿಯಂಥ ಊರಿನಿಂದ ನೋಡಿದಾಗ ತಿಳಿಯುತ್ತದೆ. ಕೊಲೊನೊಸ್ಕೋಪಿಗೆ ಪಟ್ಟಣದ ಆಸ್ಪತ್ರೆಯೇ ಬೇಕು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು, ಕೂಲಿ ಬಿಡಬೇಕು, ಜೊತೆಗೊಬ್ಬರು ಬರಬೇಕು. ಹೆಚ್ಚಿನ ಚಿಕಿತ್ಸೆಗೆಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಟರೆ ದಾರಿ 500 ಕಿಲೋಮೀಟರಿಗೂ ಹೆಚ್ಚು. ಸರ್ಕಾರದ ತಪಾಸಣೆ ಕಾರ್ಯಕ್ರಮ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ಹುಡುಕುತ್ತದೆ. ಜಠರ, ಕರುಳು ಅದರಲ್ಲಿಲ್ಲ. ರೋಗಿಯ ಬದಲು ಮಾದರಿಯೇ ಪ್ರಯಾಣ ಮಾಡಿ, ಸಂಶಯ ಬಂದವರಷ್ಟೇ ಆಸ್ಪತ್ರೆಗೆ ಹೋಗುವಂತಾದರೆ ಹಳ್ಳಿಗೆ ಅದು ದೊಡ್ಡ ಉಪಕಾರ.

ಹಾಗೆಂದು ಹೊರದೇಶದ ಕಿಟ್ ತಂದು ಹಂಚಿದರೆ ಸಾಲದು. ಉದಾಹರಣೆಗೆ, ಪಾಶ್ಚಾತ್ಯ ದೇಶಗಳಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಗ್ರಂಥಿಕೋಶಗಳಲ್ಲಿ ಹುಟ್ಟುತ್ತದೆ. ನಮ್ಮಲ್ಲಿ ಹೆಚ್ಚಾಗಿ ಒಳಪದರದ ಚಪ್ಪಟೆ ಕೋಶಗಳಲ್ಲಿ, ಅದರ ಹಿಂದೆ ತಂಬಾಕು, ಮದ್ಯ ಇರುತ್ತವೆ. ಎರಡರ ಮೀಥೈಲ್ ಗುರುತುಗಳು ಒಂದೇ ಅಲ್ಲ. ವಯಸ್ಸು, ಧೂಮಪಾನ ಕೂಡ ಮೀಥೈಲ್ ನಕ್ಷೆಯನ್ನು ಬದಲಿಸುತ್ತವೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಎಷ್ಟು ಜನರಿಗೆ, ಯಾವ ಅಂಗದಲ್ಲಿ ಎಂಬ ಲೆಕ್ಕವನ್ನು ಅದು ಕೊಡುತ್ತದೆ. ಆ ಲೆಕ್ಕದ ಜೊತೆಗೆ ನಮ್ಮ ಜಿಲ್ಲಾಸ್ಪತ್ರೆಗಳ, ವೈದ್ಯಕೀಯ ಕಾಲೇಜುಗಳ ರೋಗಿಗಳ ಮಾದರಿಗಳು ಸೇರಬೇಕು. ಯಾವ ಗುರುತು ನಮ್ಮವರಲ್ಲಿ ನಂಬಲರ್ಹ, ಎಷ್ಟು ಅಗ್ಗದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ತಿಳಿಯಬೇಕು.

ಒಂದು ಮಾತು ಮರೆಯಬಾರದು. ಈ ಪರೀಕ್ಷೆಗಳು ಲಕ್ಷಣವಿಲ್ಲದವರಿಗಾಗಿ. ಮಲದಲ್ಲಿ ರಕ್ತ, ನುಂಗಲು ಕಷ್ಟ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ವಾರಗಟ್ಟಲೆ ಬದಲಾದ ಮಲವಿಸರ್ಜನೆ ಇದ್ದವರು ಯಾವ ಹೊಸ ಕಿಟ್‌ಗೂ ಕಾಯದೆ ವೈದ್ಯರ ಬಳಿ ಹೋಗಿ, ಎಂಡೋಸ್ಕೋಪಿ ಬೇಕೇ ಎಂದು ಬಾಯಿಬಿಟ್ಟು ಕೇಳಲಿ.