ಸ್ವಂತವಾಗಿ ಕಟ್ಟುವ ವಿಮಾನಕ್ಕೆ ಪ್ರೊಪೆಲರ್ ಆಯ್ಕೆ

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಗ್ಲಸ್ ಡಿಸಿ-3 ವಿಮಾನವು ಬಜಪೆಯಲ್ಲಿ ಇಳಿಯುವುದರೊಂದಿಗೆ ಇಲ್ಲಿನ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಆ ವಿಮಾನದ ಪ್ರೊಪೆಲರುಗಳು ಹಾರಾಟದಲ್ಲಿಯೇ ಅಲಗುಗಳ ಕೋನವನ್ನು ಬದಲಿಸಿಕೊಳ್ಳುವಂಥವು. ಎರಡು ಆಸನಗಳ ವಿಮಾನವನ್ನು ಸ್ವಂತ ಕಾರ್ಯಾಗಾರದಲ್ಲಿ ಕಟ್ಟಲು ಹೊರಡುವವರಿಗೂ ಅಂಥದ್ದೇ ಬೇಕೇ? ಸಾವಿರಾರು ರೂಪಾಯಿಗಳಲ್ಲಿ ಮುಗಿಯಬಹುದಾದ ವೆಚ್ಚವನ್ನು ಲಕ್ಷಗಳಿಗೆ ಏರಿಸಬಲ್ಲ ಪ್ರಶ್ನೆಯಿದು. ಹಾರುವವರ ಸುರಕ್ಷತೆಯೂ ಇದಕ್ಕೆ ಅಂಟಿಕೊಂಡಿದೆ.

ಪಿಚ್ ಎಂದರೇನು?

ಪ್ರೊಪೆಲರ್ ಒಂದು ಸುತ್ತಿನಲ್ಲಿ ತಾತ್ತ್ವಿಕವಾಗಿ ಮುಂದೆ ಸಾಗುವ ದೂರವೇ ಪಿಚ್. 1.2 ಮೀಟರ್ ಪಿಚ್‌ನ ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಲೆಕ್ಕದ ವೇಗ ಗಂಟೆಗೆ ಸುಮಾರು 173 ಕಿ.ಮೀ.; ಜಾರಿಕೆಯನ್ನು ಕಳೆದರೆ ವಾಸ್ತವ ವೇಗ ಇನ್ನೂ ಕಡಿಮೆ. ದಕ್ಕೆಯ ದೋಣಿ ಮಾಲೀಕರಿಗೆ ಈ ತತ್ತ್ವ ಹೊಸತಲ್ಲ. ಬಲೆ ಎಳೆಯುವ ದೋಣಿಗೆ ಎಳೆತ ಮುಖ್ಯ, ಬೇಗ ದಡ ಸೇರಬೇಕಾದ ದೋಣಿಗೆ ವೇಗ ಮುಖ್ಯ. ವಿಮಾನದಲ್ಲಿಯೂ ಹಾಗೆಯೇ: ಕಡಿಮೆ ಪಿಚ್ ಬೇಗ ಮೇಲೇರಲು ಅನುಕೂಲ, ಹೆಚ್ಚು ಪಿಚ್ ದೂರದ ವೇಗದ ಪ್ರಯಾಣಕ್ಕೆ ಅನುಕೂಲ.

ಮುಖ್ಯ ವಿಧಗಳು

1. ಮರದ ಸ್ಥಿರ ಪಿಚ್: ಅಗ್ಗ, ಹಗುರ, ಎಂಜಿನಿನ ಕಂಪನವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಮಳೆಹನಿಗಳು ಅಲಗಿನ ಮುಂಚೂಣಿ ಅಂಚನ್ನು ಸವೆಸುತ್ತವೆ. ತೇವಾಂಶಕ್ಕೆ ಮರ ಹಿಗ್ಗಿ ಕುಗ್ಗುವುದರಿಂದ ಬೋಲ್ಟುಗಳ ಬಿಗಿತವನ್ನು ಆಗಾಗ ಪರೀಕ್ಷಿಸಬೇಕು. ನಿಲ್ಲಿಸಿದಾಗ ಅಲಗುಗಳನ್ನು ಅಡ್ಡಲಾಗಿಟ್ಟರೆ ನೀರಿನಂಶ ಕೆಳಗಿನ ಅಲಗಿಗೆ ಇಳಿದು ಸಮತೋಲ ಕೆಡುವುದು ತಪ್ಪುತ್ತದೆ. ನಮ್ಮ ಮಳೆಗಾಲದಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

2. ಲೋಹದ ಸ್ಥಿರ ಪಿಚ್: ಮಳೆಗೆ ಜಗ್ಗದು, ಬಾಳಿಕೆ ಹೆಚ್ಚು. ಆದರೆ ಭಾರ ಅಧಿಕ. ನಿರ್ದಿಷ್ಟ ಎಂಜಿನಿಗೆ ಹೊಂದುವುದೆಂದು ಪರೀಕ್ಷೆಯಾಗದಿದ್ದರೆ ಕಂಪನದಿಂದ ಬಿರುಕು ಬಿಡುವ ಅಪಾಯವಿದೆ.

3. ನೆಲದ ಮೇಲೆ ಹೊಂದಿಸಬಲ್ಲ ಸಂಯುಕ್ತ ವಸ್ತುವಿನದು: ವಿಮಾನ ನಿಂತಿರುವಾಗ ಬೋಲ್ಟು ಸಡಿಲಿಸಿ ಕೋನ ಬದಲಿಸಬಹುದು. ಒಂದು ಅಲಗು ಹಾಳಾದರೆ ಅದನ್ನಷ್ಟೇ ಬದಲಾಯಿಸಲು ಹಲವು ಮಾದರಿಗಳಲ್ಲಿ ಅವಕಾಶವಿದೆ.

4. ಸ್ಥಿರ ವೇಗದ ಪ್ರೊಪೆಲರ್: ಎಂಜಿನಿನ ಸುತ್ತುಗಳು ಬದಲಾಗದಂತೆ ಹಾರಾಟದಲ್ಲಿಯೇ ಕೋನವನ್ನು ಹೊಂದಿಸಿಕೊಳ್ಳುತ್ತದೆ. ಏರುವಾಗಲೂ ಪ್ರಯಾಣದಲ್ಲೂ ಉತ್ತಮ ಫಲ. ಬೆಲೆ, ಭಾರ ಮತ್ತು ನಿರ್ವಹಣೆ ಮೂರೂ ಹೆಚ್ಚು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ, 2000ದಲ್ಲಿ ಪ್ರಮಾಣಪತ್ರ ಪಡೆದ ಹಂಸ-3 ತರಬೇತಿ ವಿಮಾನಕ್ಕೆ ಈ ಬಗೆಯ ಎರಡು ಅಲಗುಗಳ ಪ್ರೊಪೆಲರನ್ನೇ ಅಳವಡಿಸಲಾಯಿತು.

ಹಾರುವ ನೆಲ ಯಾವುದು?

ಬಜಪೆಯ ನಿಲ್ದಾಣ ಗುಡ್ಡದ ತಲೆಯ ಮೇಲಿದ್ದರೂ ಸಮುದ್ರಮಟ್ಟದಿಂದ ಎತ್ತರ ಸುಮಾರು 100 ಮೀಟರ್ ಮಾತ್ರ. 2006ರಲ್ಲಿ ಬಳಕೆಗೆ ಬಂದ 2,450 ಮೀಟರ್ ಓಡುಹಾದಿ ಹಗುರ ವಿಮಾನಕ್ಕೆ ಧಾರಾಳ. ಬೆಂಗಳೂರಿನ ಜಕ್ಕೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಸಾಮಾನ್ಯ ಎಂಜಿನಿನ ಶಕ್ತಿ ಇಳಿಯುತ್ತದೆ, ನೆಲ ಬಿಡಲು ಹೆಚ್ಚು ದೂರ ಓಡಬೇಕಾಗುತ್ತದೆ. ಖಾಸಗಿ ಜಮೀನಿನ ಕಿರು ಪಟ್ಟಿಯಿಂದ ಹಾರುವವರಿಗಂತೂ ಕಡಿಮೆ ಪಿಚ್ಚೇ ರಕ್ಷಣೆ. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ಆಸೆಗೆ ಅದನ್ನು ಬಿಟ್ಟುಕೊಡಬಾರದು.

ಖರೀದಿಗೆ ಮುನ್ನ

ಎಂಜಿನ್ ತಯಾರಕರು ಒಪ್ಪಿದ ವ್ಯಾಸ, ಭಾರ ಮತ್ತು ಜಡತ್ವದ ಮಿತಿಗಳನ್ನು ಲಿಖಿತವಾಗಿ ಪಡೆಯಿರಿ. ಗೇರುಪೆಟ್ಟಿಗೆಯುಳ್ಳ ಎಂಜಿನಿಗೆ ಭಾರದ ಲೋಹದ ಪ್ರೊಪೆಲರ್ ತೊಡಿಸಿದರೆ ಗೇರುಗಳೇ ಹಾಳಾಗಬಹುದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ವಿಮಾನವನ್ನು ಹಾರಿಸುವಂತಿಲ್ಲವಾದ್ದರಿಂದ ಆಯ್ಕೆಯ ಆಧಾರಗಳನ್ನು ದಾಖಲೆಯಲ್ಲಿಡುವುದು ಒಳಿತು.

ಕರಾವಳಿಯಲ್ಲಿ ಮೊದಲ ವಿಮಾನ ಕಟ್ಟುವವರಿಗೆ ಮೂರನೆಯ ವಿಧವೇ ಸೂಕ್ತವೆನ್ನಬಹುದು. ಮೊದಲು ಊಹಿಸಿದ ಕೋನ ತಪ್ಪಾಗಿದ್ದರೂ ಹೊಸ ಪ್ರೊಪೆಲರ್ ಕೊಳ್ಳದೆ ತಿದ್ದಿಕೊಳ್ಳಬಹುದು. ಬೆಲೆಪಟ್ಟಿಯಲ್ಲಿ ಕಾಣದ ಈ ಉಳಿತಾಯವನ್ನು ವ್ಯವಹಾರಸ್ಥರು ಲೆಕ್ಕಕ್ಕೆ ಹಿಡಿಯಬೇಕು.